ಓದುಗರ ಪ್ರಶ್ನೆ: ಕಡಿಮೆ ದುಡ್ಡಿನಲ್ಲಿ ದ್ವೀಪ ಸುತ್ತಾಟ

ಈ ತಿಂಗಳು ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಸಮುದ್ರದ್ದೇ. ಅದೂ ಹಾಸನ, ಚಿಕ್ಕಮಗಳೂರು ಕಡೆಯಿಂದ. ಬೆಟ್ಟ, ಮಂಜು, ಹೋಮ್‌ಸ್ಟೇ ನೋಡಿ ನೋಡಿ ಸಾಕಾಗಿರಬೇಕು. ಶನಿವಾರ ಬಂತೆಂದರೆ ಊರ ತುಂಬಾ ಬೆಂಗಳೂರಿನ ಕಾರುಗಳು, ಇನ್ನು ಊರಿನವರು ಎಲ್ಲಿಗಾದರೂ ಓಡಬೇಕಲ್ವಾ. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ ಉತ್ತರ ಬರೆದಿದ್ದೇನೆ.

ಪ್ರಶ್ನೆ: ನಾವು ನಾಲ್ಕು ಜನ ಸ್ನೇಹಿತರು, ಒಂದೇ ಕಾಲೇಜಿನಲ್ಲಿ ಓದಿದವರು. ಒಂದು ವಾರ ಅಂಡಮಾನ್‌ಗೆ ಹೋಗಬೇಕು ಅಂತ ಆಸೆ. ಪೋರ್ಟ್ ಬ್ಲೇರ್, ಹ್ಯಾವ್‌ಲಾಕ್, ನೀಲ್, ರಾಸ್, ಬಾರಾಟಾಂಗ್, ದಿಗ್ಲಿಪುರ ಎಲ್ಲ ಮುಗಿಸುವ ಹಾಗೆ ಪ್ಲ್ಯಾನ್ ಹಾಕಿದ್ದೇವೆ. ಖರ್ಚು ಕೈಮೀರುತ್ತಿದೆ. ಎಲ್ಲಿ ಕಡಿಮೆ ಮಾಡೋದು ಸಾರ್? (ಹಾಸನ)

ಉತ್ತರ: ಪಟ್ಟಿಗೇ ಕತ್ತರಿ ಹಾಕಿ. ರೂಮಿನಲ್ಲಿ ಮುನ್ನೂರು, ಊಟದಲ್ಲಿ ಐವತ್ತು ಉಳಿಸಲು ಎಲ್ಲರೂ ತಲೆ ಕೆಡಿಸಿಕೊಳ್ಳುತ್ತಾರೆ. ದುಡ್ಡು ಸೋರುವುದು ಒಂದು ದ್ವೀಪದಿಂದ ಇನ್ನೊಂದಕ್ಕೆ ದಾಟುವಾಗ. ಲೆಕ್ಕ ನೋಡಿ. ಪೋರ್ಟ್ ಬ್ಲೇರ್‌ನಿಂದ ಹ್ಯಾವ್‌ಲಾಕ್, ಅಲ್ಲಿಂದ ನೀಲ್, ನೀಲ್‌ನಿಂದ ವಾಪಸ್ ಪೋರ್ಟ್ ಬ್ಲೇರ್. ಮೂರು ಸಲ ದಾಟಿದರೆ ನಾಲ್ಕು ಜನಕ್ಕೆ 12 ಟಿಕೆಟ್. ಖಾಸಗಿ ಫೆರಿಯಲ್ಲಿ ಒಂದೊಂದು ಟಿಕೆಟ್ ಸಾವಿರದ ಮೇಲೆಯೇ. ಜೆಟ್ಟಿ ತನಕ ಆಟೊ, ಆ ಕಡೆ ಇಳಿದ ಮೇಲೆ ಮತ್ತೆ ಆಟೊ. ಬೆಳಿಗ್ಗೆ ರೂಮ್ ಖಾಲಿ ಮಾಡಿ, ಬ್ಯಾಗ್ ಹೊತ್ತುಕೊಂಡು ಜೆಟ್ಟಿಯಲ್ಲಿ ಕಾದು, ದಾಟಿ, ಮುಂದಿನ ರೂಮಿನ ಬೀಗದ ಕೈ ಸಿಗುವ ಹೊತ್ತಿಗೆ ಮಧ್ಯಾಹ್ನ ಆಗಿರುತ್ತದೆ. ಡಿಸೆಂಬರ್‌ನಲ್ಲಿ ಅಲ್ಲಿ ಸಂಜೆ ಐದಕ್ಕೆಲ್ಲ ಸೂರ್ಯ ಮುಳುಗುತ್ತಾನೆ, ಯಾಕಂದ್ರೆ ಗಡಿಯಾರ ನಮ್ಮದೇ ಆದರೂ ಜಾಗ ತುಂಬಾ ಪೂರ್ವಕ್ಕಿದೆ. ಆ ದಿನ ಹೋಯ್ತು ಅಂತಲೇ ಲೆಕ್ಕ.

ಆದ್ದರಿಂದ ದಿಗ್ಲಿಪುರ ಬಿಡಿ. ಪೋರ್ಟ್ ಬ್ಲೇರ್‌ನಿಂದ ರಸ್ತೆಯಲ್ಲಿ ಹತ್ತಿರ ಹತ್ತಿರ 300 ಕಿ.ಮೀ., ಹೋಗಿಬರಲು ಎರಡು ದಿನ ಬಸ್ಸಿನಲ್ಲೇ ಕೂರಬೇಕು. ಬಾರಾಟಾಂಗ್ ಕೂಡ ಬಿಡಿ ಅಂತ ನನ್ನ ಅಭಿಪ್ರಾಯ. ನಡುರಾತ್ರಿ ಎದ್ದು ಹೊರಡಬೇಕು, ದಾರಿ ಹೋಗುವುದು ಜಾರವಾ ಅನ್ನುವ ಆದಿವಾಸಿ ಜನರ ಕಾಡಿನ ನಡುವೆ, ವಾಹನಗಳನ್ನು ಸಾಲಾಗಿ ಕಾವಲಿನಲ್ಲಿ ಬಿಡುತ್ತಾರೆ, ಫೋಟೊ ತೆಗೆಯುವ ಹಾಗಿಲ್ಲ. ಆದರೂ ಎಷ್ಟೋ ಜನ ಬಾರಾಟಾಂಗ್‌ನ ಗುಹೆ ನೋಡುವ ನೆಪದಲ್ಲಿ ಆ ಜನರನ್ನು ನೋಡಲು ಕಿಟಕಿಗೆ ಕಣ್ಣಿಟ್ಟು ಕೂತಿರುತ್ತಾರೆ. ನೀವು ಅದರಲ್ಲಿ ಸೇರಬೇಕಾಗಿಲ್ಲ.

ಉಳಿದಿದ್ದು ಹೀಗೆ ಜೋಡಿಸಿ: ಮೊದಲ ರಾತ್ರಿ ಪೋರ್ಟ್ ಬ್ಲೇರ್, ಮೂರು ರಾತ್ರಿ ಹ್ಯಾವ್‌ಲಾಕ್, ಒಂದು ಅಥವಾ ಎರಡು ರಾತ್ರಿ ನೀಲ್, ಕೊನೆಯ ರಾತ್ರಿ ಮತ್ತೆ ಪೋರ್ಟ್ ಬ್ಲೇರ್. ಆ ಕೊನೆಯ ರಾತ್ರಿಯನ್ನು ಮಾತ್ರ ಉಳಿತಾಯ ಅಂತ ಕತ್ತರಿಸಬೇಡಿ. ಗಾಳಿ ಎದ್ದರೆ ಫೆರಿ ರದ್ದಾಗುತ್ತದೆ, ಅದನ್ನು ವಿಮಾನದವರು ಕೇಳುವುದಿಲ್ಲ. ನಾಲ್ಕು ಜನಕ್ಕೆ ಹೊಸ ಟಿಕೆಟ್ ತೆಗೆಯುವ ಬದಲು ಒಂದು ಲಾಡ್ಜ್ ಬಾಡಿಗೆ ಕೊಡುವುದೇ ವಾಸಿ. ಮೊದಲ ದಿನ ಸೆಲ್ಯುಲರ್ ಜೈಲು ನೋಡಿ. 1896ರಲ್ಲಿ ಕಟ್ಟಲು ಶುರು ಮಾಡಿ 1906ರಲ್ಲಿ ಮುಗಿಸಿದ್ದು, ಏಳು ಸಾಲುಗಳಿದ್ದವು, ಈಗ ಮೂರು ಉಳಿದಿವೆ. ರಾಸ್ ದ್ವೀಪ ಪಕ್ಕದಲ್ಲೇ ಇದೆ, ವಾಪಸ್ ಬಂದ ದಿನ ಸಮಯ ಸಿಕ್ಕರೆ ಅರ್ಧ ದಿನದಲ್ಲಿ ಹೋಗಿಬರಬಹುದು.

ಸರ್ಕಾರಿ ಫೆರಿ ತುಂಬಾ ಅಗ್ಗ. ಆದರೆ ಅದು ಅಲ್ಲಿಯವರಿಗೆ ಬಸ್ಸಿದ್ದ ಹಾಗೆ, ದ್ವೀಪದ ಜನರಿಗೇ ಮೊದಲು ಸೀಟು, ಅದು ನ್ಯಾಯ ಕೂಡ. ಹ್ಯಾವ್‌ಲಾಕ್‌ಗೆ ಖಾಸಗಿಯದರಲ್ಲಿ ಒಂದೂವರೆ ಗಂಟೆ, ಸರ್ಕಾರಿಯದರಲ್ಲಿ ಎರಡೂವರೆ. ಹೋಗುವಾಗ ಖಾಸಗಿ ಬುಕ್ ಮಾಡಿ, ನಡುವಿನ ಒಂದು ದಾಟುವಿಕೆಗೆ ಸರ್ಕಾರಿ ಸಿಗುತ್ತದಾ ನೋಡಿ. ಸಿಕ್ಕರೆ ಮೇಲಿನ ಅಟ್ಟದಲ್ಲಿ ಗಾಳಿಗೆ ಮುಖ ಕೊಟ್ಟು ನಿಲ್ಲಬಹುದು. ಖಾಸಗಿಯದರಲ್ಲಿ ಹೆಚ್ಚಿನವು ಎಸಿ ಡಬ್ಬ, ಗಾಜಿನ ಹಿಂದೆ ಕೂತಿರಬೇಕು.

ಇನ್ನೊಂದು ವಿಷಯ, ಹೆಸರುಗಳು ಬದಲಾಗಿವೆ. ಹ್ಯಾವ್‌ಲಾಕ್ ಈಗ ಸ್ವರಾಜ್ ದ್ವೀಪ, ನೀಲ್ ಶಹೀದ್ ದ್ವೀಪ, ರಾಸ್ ನೇತಾಜಿ ಸುಭಾಷ್ ಚಂದ್ರ ಬೋಸ್ ದ್ವೀಪ. ಇದು 2018ರಲ್ಲಿ ಆಯ್ತು. 2024ರಲ್ಲಿ ಪೋರ್ಟ್ ಬ್ಲೇರ್ ಶ್ರೀ ವಿಜಯ ಪುರಂ ಆಯ್ತು. ಟಿಕೆಟ್‌ನಲ್ಲಿ ಹೊಸ ಹೆಸರು ಕಂಡು ಬೇರೆ ಊರಿಗೆ ಬುಕ್ ಮಾಡಿದೆವಾ ಅಂತ ಗಾಬರಿ ಬೀಳಬೇಡಿ. ಬೆಳಗಿನ ಜಾವದ ವಿಮಾನಕ್ಕೆ ಬೆಂಗಳೂರಿನಲ್ಲಿ ರೂಮ್ ಮಾಡುವುದೂ ದಂಡ. ಹಾಸನದಲ್ಲಿ ಊಟ ಮುಗಿಸಿ ರಾತ್ರಿ ಬಸ್ ಹತ್ತಿ, ಗೊರಗುಂಟೆಪಾಳ್ಯದಲ್ಲಿ ಇಳಿದು ನಾಲ್ವರೂ ಒಂದು ಕ್ಯಾಬ್ ಮಾಡಿಕೊಂಡರೆ ಆಯ್ತು.

ಪ್ರಶ್ನೆ: ನಮ್ಮದು ಬಾಳೆಹೊನ್ನೂರು ಹತ್ತಿರ ಸಣ್ಣ ಕಾಫಿ ತೋಟ. ಎಲ್ಲರೂ ಡಿಸೆಂಬರ್, ಜನವರಿಯಲ್ಲೇ ದ್ವೀಪಕ್ಕೆ ಹೋಗಿ ಅಂತಾರೆ. ಆಗ ನಮಗೆ ಕೊಯ್ಲು. ಸ್ನೇಹಿತರೂ ತೋಟದವರೇ. ಯಾವಾಗ ಹೋಗೋದು? (ಚಿಕ್ಕಮಗಳೂರು ಜಿಲ್ಲೆ)

ಉತ್ತರ: ಕ್ರಿಸ್‌ಮಸ್, ಹೊಸ ವರ್ಷಕ್ಕೆ ಹೋಗದೇ ಇರುವುದು ನಿಮ್ಮ ಪುಣ್ಯ. ಆ ಎರಡು ವಾರ ವಿಮಾನ, ರೂಮು ಎಲ್ಲದರ ರೇಟೂ ಏರಿ ಕೂತಿರುತ್ತದೆ. ಅಂಡಮಾನ್‌ನಲ್ಲಿ ಸಮುದ್ರ ಶಾಂತವಾಗಿ, ನೀರು ತಿಳಿಯಾಗಿರುವುದು ಫೆಬ್ರವರಿಯಿಂದ ಏಪ್ರಿಲ್ ತನಕ. ರೊಬಸ್ಟಾ ಕಾಫಿ ಕೊಯ್ದು ಒಣಗಿಸಿ, ಚೀಲ ಕಟ್ಟಿ, ಮಾರ್ಚ್‌ನಲ್ಲಿ ಹೊರಡಿ. ಬಿಸಿಲು ಜೋರಾಗಿರುತ್ತದೆ, ಅಷ್ಟೇ. ಕಾಫಿ ಗಿಡಕ್ಕೆ ಹೂ ಬಿಡಿಸುವ ಹೂಮಳೆ ಆಯ್ತಾ, ಸ್ಪ್ರಿಂಕ್ಲರ್ ಹಾಕಬೇಕಾ ಅಂತ ನಿಮ್ಮ ಜೀವ ತೋಟದಲ್ಲೇ ಇರುತ್ತದೆ ಅಂತ ಗೊತ್ತು. ಚೆನ್ನೈನಿಂದ ಸಮುದ್ರದ ಅಡಿಯಲ್ಲಿ ಕೇಬಲ್ ಎಳೆದಿದ್ದಾರೆ, 2020ರಲ್ಲಿ ಶುರುವಾಯ್ತು. ಮೊದಲಿನ ಹಾಗೆ ಫೋನೇ ಸಿಗಲ್ಲ ಅನ್ನುವ ಸ್ಥಿತಿ ಈಗಿಲ್ಲ. ತೋಟದ ಕೆಲಸ ನೋಡಿಕೊಳ್ಳುವ ರೈಟರ್‌ಗೆ ದಿನಕ್ಕೊಂದು ಸಲ ಫೋನ್ ಮಾಡಿ. ಗಂಟೆಗೊಂದು ಸಲ ಮಾಡಿದರೆ ಜೊತೆಗೆ ಬಂದವರು ನಿಮ್ಮನ್ನು ನೀರಿಗೆ ತಳ್ಳುತ್ತಾರೆ.

ಮೇ ತಿಂಗಳಿಗೆ ಮಾತ್ರ ಮುಂದೂಡಬೇಡಿ. ನಮ್ಮಲ್ಲಿ ಮುಂಗಾರು ಜೂನ್‌ಗೆ ಬಂದರೆ ಅಲ್ಲಿ ಮೇ ಮೂರನೇ ವಾರದ ಹೊತ್ತಿಗೇ ಬಂದಿರುತ್ತದೆ.

ಪ್ರಶ್ನೆ: ದೀಪಾವಳಿ ಹೊತ್ತಿಗೆ ಹಾಸನಾಂಬೆ ದರ್ಶನಕ್ಕೆ ಊರಿಗೆ ಜನವೋ ಜನ. ನಾವು ಐದು ಜನ ದರ್ಶನ ಮುಗಿಸಿ ಥಾಯ್ಲೆಂಡ್‌ಗೆ ಹೊರಡೋಣ ಅಂತ. ಕೊ ಸಮುಯಿ, ಕೊ ಫಂಗನ್, ಆಮೇಲೆ ಫುಕೆಟ್, ಫಿ ಫಿ. ಹೋಟೆಲ್ ಕೂಡ ಅಗ್ಗಕ್ಕೆ ಸಿಕ್ಕಿತು. ಸರಿ ಇದೆಯಾ? (ಹಾಸನ)

ಉತ್ತರ: ಥಾಯ್ಲೆಂಡ್‌ಗೆ ಎರಡು ಕಡಲು, ಎರಡು ಮಳೆಗಾಲ. ಫುಕೆಟ್, ಕ್ರಾಬಿ, ಫಿ ಫಿ ಇರುವುದು ಪಶ್ಚಿಮಕ್ಕೆ, ಅಂಡಮಾನ್ ಸಮುದ್ರದಲ್ಲಿ. ಅಲ್ಲಿ ಮೇಯಿಂದ ಅಕ್ಟೋಬರ್ ತನಕ ಮಳೆ. ಸಮುಯಿ, ಫಂಗನ್, ಕೊ ಟಾವ್ ಇರುವುದು ಪೂರ್ವದ ಕೊಲ್ಲಿಯಲ್ಲಿ. ಅಲ್ಲಿ ಜೋರು ಮಳೆ ಅಕ್ಟೋಬರ್‌ನಿಂದ ಡಿಸೆಂಬರ್, ಅದರಲ್ಲೂ ನವೆಂಬರ್. ನೀವು ಸರಿಯಾಗಿ ಆ ಮಳೆಗೆ ಹೋಗಿ ಬೀಳುತ್ತೀರಿ. ಹೋಟೆಲ್ ಅಗ್ಗ ಸಿಕ್ಕಿತು ಅಂತ ಬರೆದಿದ್ದೀರಲ್ಲ, ಯಾಕೆ ಅಗ್ಗ ಅಂತ ಈಗ ಗೊತ್ತಾಯ್ತಲ್ವಾ.

ದೀಪಾವಳಿ ನವೆಂಬರ್‌ನಲ್ಲಿ ಬಂದ ವರ್ಷ ಪಶ್ಚಿಮದ ಕಡೆ ಮಾತ್ರ ಇಟ್ಟುಕೊಳ್ಳಿ. ಅಕ್ಟೋಬರ್ ಮಧ್ಯದಲ್ಲಿ ಬಂದರೆ ಎರಡೂ ಕಡೆ ಕೊಡೆ ಬೇಕು, ಪ್ರವಾಸ ಒಂದು ತಿಂಗಳು ಮುಂದೆ ಹಾಕಿ. ಒಂದೇ ಸಲದಲ್ಲಿ ಎರಡೂ ಕಡಲು ಬೇಡ. ನಡುವೆ ಬಸ್ಸು, ಫೆರಿ ಸೇರಿಸಿ ಇಡೀ ದಿನ ಹೋಗುತ್ತದೆ. ಕ್ರಾಬಿ ಹತ್ತಿರದ ಆವ್ ನಾಂಗ್‌ನಲ್ಲಿ ಉಳಿದುಕೊಂಡು, ಅಲ್ಲಿಂದ ಉದ್ದ ಬಾಲದ ಮರದ ದೋಣಿಯಲ್ಲಿ ಹತ್ತಿರದ ದ್ವೀಪಗಳಿಗೆ ಬೆಳಿಗ್ಗೆ ಹೋಗಿ ಸಂಜೆ ವಾಪಸ್ ಬನ್ನಿ. ದೋಣಿಗೆ ಐದು ಜನ ಸೇರಿ ಬಾಡಿಗೆ ಕೊಟ್ಟರೆ ತಲೆಗೆ ಬೀಳುವುದು ಕಡಿಮೆ, ಬ್ಯಾಗ್ ಹೊರುವ ಕಷ್ಟವಿಲ್ಲ. ಫಿ ಫಿಯಲ್ಲಿ ಬೇಕಿದ್ದರೆ ಒಂದು ರಾತ್ರಿ ಸಾಕು, ರಾತ್ರಿಯಿಡೀ ಹಾಡು ಕಿವಿಗೆ ಬಡಿಯುತ್ತದೆ. ಅಲ್ಲಿನ ಮಾಯಾ ಬೇ ಜನರ ತುಳಿತಕ್ಕೆ ಹಾಳಾಗಿ 2018ರಲ್ಲಿ ಮುಚ್ಚಿದ್ದರು, 2022ರಲ್ಲಿ ತೆರೆದರು. ಈಗಲೂ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಮುಚ್ಚುತ್ತಾರೆ.

ಪಾಸ್‌ಪೋರ್ಟ್‌ಗೆ ಇನ್ನೂ ಆರು ತಿಂಗಳ ಅವಧಿ ಇರಬೇಕು. ವೀಸಾ ನಿಯಮ ಆಗಾಗ ಬದಲಾಗುತ್ತದೆ, ಟಿಕೆಟ್ ತೆಗೆಯುವ ಮೊದಲು ಅವರ ರಾಯಭಾರ ಕಚೇರಿಯ ವೆಬ್‌ಸೈಟ್ ನೋಡಿ. 2025ರ ಮೇ ತಿಂಗಳಿಂದ ಡಿಜಿಟಲ್ ಅರೈವಲ್ ಕಾರ್ಡ್ ಅಂತ ಒಂದು ಅರ್ಜಿ ಕಡ್ಡಾಯ, ಹೋಗುವ ಮುಂಚಿನ ಮೂರು ದಿನಗಳಲ್ಲಿ ತುಂಬಬೇಕು. ಅದು ಉಚಿತ. ದುಡ್ಡು ಕೇಳುವ ವೆಬ್‌ಸೈಟ್ ಸಿಕ್ಕರೆ ಅದು ಸರ್ಕಾರದ್ದಲ್ಲ.

ಸ್ಕೂಟರ್ ಬಾಡಿಗೆಗೆ ತೆಗೆಯುವ ಯೋಚನೆ ಇದ್ದರೆ ಮೊದಲೇ ಆರ್‌ಟಿಒದಲ್ಲಿ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿಕೊಳ್ಳಿ, ಒಂದು ವರ್ಷ ನಡೆಯುತ್ತದೆ. ಅದಿಲ್ಲದೆ ಬಿದ್ದು ಕೈಕಾಲು ಮುರಿದುಕೊಂಡರೆ ಪ್ರವಾಸದ ವಿಮೆಯವರು ಸಾಮಾನ್ಯವಾಗಿ ದುಡ್ಡು ಕೊಡುವುದಿಲ್ಲ. ಅಂಗಡಿಯವರು ಪಾಸ್‌ಪೋರ್ಟ್ ಅಡ ಇಡಿ ಅಂದರೆ ಬೇರೆ ಅಂಗಡಿಗೆ ಹೋಗಿ. ಜೆರಾಕ್ಸ್ ಮತ್ತು ಸ್ವಲ್ಪ ಮುಂಗಡ ತೆಗೆದುಕೊಳ್ಳುವವರೂ ಇದ್ದಾರೆ.

ಪ್ರಶ್ನೆ: ಚಾರ್ಮಾಡಿ ಘಾಟಿ ಇಳಿಯುವಾಗಲೇ ನನಗೆ ವಾಂತಿ. ಫೆರಿಯಲ್ಲಿ ನನ್ನ ಗತಿ ಏನು? (ಮೂಡಿಗೆರೆ)

ಉತ್ತರ: ಕೊಟ್ಟಿಗೆಹಾರದಲ್ಲಿ ಹೊಟ್ಟೆ ಬಿರಿಯ ನೀರುದೋಸೆ ತಿಂದು ಘಾಟಿ ಇಳಿದರೆ ಯಾರಿಗಾದರೂ ಆಗುತ್ತದೆ. ಫೆರಿಗೆ ಮುಂಚೆ ಎರಡು ಇಡ್ಲಿಯೋ ಬಾಳೆಹಣ್ಣೋ ಸಾಕು, ಪೂರ್ತಿ ಖಾಲಿ ಹೊಟ್ಟೆಯೂ ಬೇಡ. ವಾಂತಿ ಮಾತ್ರೆಯನ್ನು ಹೊರಡುವ ಒಂದು ಗಂಟೆ ಮೊದಲೇ ನುಂಗಿ, ತಲೆ ತಿರುಗಲು ಶುರುವಾದ ಮೇಲೆ ನುಂಗಿದರೆ ಅದೂ ಹೊರಗೆ ಬರುತ್ತದೆ. ಯಾವ ಮಾತ್ರೆ ಅಂತ ನಿಮ್ಮ ಡಾಕ್ಟರನ್ನೇ ಕೇಳಿ. ಹೆಚ್ಚಿನವು ನಿದ್ದೆ ಬರಿಸುತ್ತವೆ, ಇಳಿದ ತಕ್ಷಣ ಸ್ಕೂಟರ್ ಓಡಿಸಬೇಡಿ. ಕೆಳಗಿನ ಅಂತಸ್ತಿನಲ್ಲಿ ನಡುಮಧ್ಯ ಕೂರಿ, ಅಲ್ಲಿ ತೂಗಾಟ ಕಡಿಮೆ. ಫೋನ್ ನೋಡಬೇಡಿ, ಕಡಲು, ಆಕಾಶ ಸೇರುವ ದೂರದ ಗೆರೆಗೆ ಕಣ್ಣಿಡಿ. ಬೆಳಗಿನ ಫೆರಿಯನ್ನೇ ಹಿಡಿಯಿರಿ, ಮಧ್ಯಾಹ್ನದ ಮೇಲೆ ಗಾಳಿ ಜಾಸ್ತಿ.

ಪ್ರಶ್ನೆ: ನಾವು ಮೂವರು ಶಿಕ್ಷಕಿಯರು, ಬೇಸಿಗೆ ರಜೆಯಲ್ಲಿ ಅಂಡಮಾನ್‌ಗೆ ಹೋಗುತ್ತಿದ್ದೇವೆ. ಯಾರಿಗೂ ಈಜು ಬರಲ್ಲ. ಸ್ಕೂಬಾ ಮಾಡಬಹುದಾ? ದುಡ್ಡು ದಂಡವಾ? (ಕಡೂರು)

ಉತ್ತರ: ಮಾಡಬಹುದು. ಮೊದಲ ಸಲ ಮಾಡುವವರಿಗೆ ಈಜು ಬರಲೇಬೇಕು ಅಂತಿಲ್ಲ, ಒಬ್ಬೊಬ್ಬರಿಗೆ ಒಬ್ಬ ತರಬೇತುದಾರ ಬೆನ್ನ ಹಿಂದೆ ಹಿಡಿದುಕೊಂಡೇ ಇರುತ್ತಾನೆ. ಮೊದಲು ಸೊಂಟದ ಮಟ್ಟದ ನೀರಿನಲ್ಲಿ ಬಾಯಿಂದ ಉಸಿರಾಡುವುದನ್ನು, ಮುಖವಾಡಕ್ಕೆ ನುಗ್ಗಿದ ನೀರನ್ನು ಮೂಗಿನಿಂದ ಊದಿ ಹೊರಹಾಕುವುದನ್ನು ಕಲಿಸುತ್ತಾರೆ. ಈ ಪಾಠವನ್ನು ಅವಸರದಲ್ಲಿ ಮುಗಿಸುವವರ ಹತ್ತಿರ ಹೋಗಬೇಡಿ, ಎಷ್ಟೇ ಅಗ್ಗ ಇರಲಿ. ಉಬ್ಬಸ, ಹೃದಯದ ತೊಂದರೆ ಇದ್ದವರು ಡಾಕ್ಟರ್ ಒಪ್ಪದೆ ಇಳಿಯಬಾರದು. ನೆಗಡಿಯಾಗಿ ಮೂಗು ಕಟ್ಟಿದ್ದರೂ ಬೇಡ, ಕಿವಿ ಸಿಡಿದ ಹಾಗೆ ನೋಯುತ್ತದೆ. ಡೈವ್ ಆದ ಮೇಲೆ 18 ಗಂಟೆ ವಿಮಾನ ಹತ್ತಬಾರದು, ಹಾಗಾಗಿ ಹ್ಯಾವ್‌ಲಾಕ್‌ನಲ್ಲಿ ಮೊದಲ ದಿನವೇ ಮುಗಿಸಿ.

ನಿಮ್ಮ ಜಾಗದಲ್ಲಿ ನಾನಿದ್ದರೆ ಮೊದಲು ಲೈಫ್ ಜಾಕೆಟ್ ಹಾಕಿಕೊಂಡು ಸ್ನಾರ್ಕೆಲಿಂಗ್ ಮಾಡುತ್ತಿದ್ದೆ. ಹ್ಯಾವ್‌ಲಾಕ್‌ನ ಎಲಿಫೆಂಟ್ ಬೀಚ್‌ನಲ್ಲಿ ಹವಳ ಅಷ್ಟು ಆಳದಲ್ಲಿಲ್ಲ, ಮುಖ ನೀರಿಗೆ ಮುಳುಗಿಸಿದರೆ ಸಾಕು, ಹಳದಿ, ಕಪ್ಪು ಪಟ್ಟಿಯ ಮೀನುಗಳು ಕೈಗೆ ಸಿಗುವಷ್ಟು ಹತ್ತಿರ ಓಡಾಡುತ್ತಿರುತ್ತವೆ. ಹವಳದ ಮೇಲೆ ಕಾಲಿಡಬೇಡಿ, ಅದು ಜೀವ ಇರುವ ವಸ್ತು, ನಿಮ್ಮ ಕಾಲೂ ಕುಯ್ಯುತ್ತದೆ. ಅದೇ ಖುಷಿ ಸಾಕೆನಿಸಿದರೆ ಸ್ಕೂಬಾ ದುಡ್ಡು ಉಳಿಯಿತು. ರಾಧಾನಗರ ಬೀಚ್‌ನಲ್ಲಿ ಅಲೆ ಚೆಂದ ಅಂತ ಎದೆಮಟ್ಟ ಹೋಗಬೇಡಿ. ನೀರು ಒಳಗೆಳೆದರೆ ದಡದ ಕಡೆ ನೇರ ಒದ್ದಾಡದೆ ಪಕ್ಕಕ್ಕೆ ಸರಿಯಬೇಕು ಅನ್ನುತ್ತಾರೆ, ಈಜು ಬಾರದವರಿಗೆ ಅದು ಎಲ್ಲಿಯ ಮಾತು. ಮೊಣಕಾಲಿನ ನೀರೇ ಸಾಕು. ಮೊಸಳೆ ಫಲಕ ಇರುವ ಕಡೆ ಅದೂ ಬೇಡ, ಅಲ್ಲಿ ಉಪ್ಪುನೀರಿನ ಮೊಸಳೆ ನಿಜವಾಗಿಯೂ ಇವೆ.

ಪ್ರಶ್ನೆ: ನಮ್ಮ ಗುಂಪಿನ ಐದು ಜನರಲ್ಲಿ ಮೂವರಿಗೆ ಬೆಂಗಳೂರಿನಲ್ಲಿ ಒಳ್ಳೆ ಸಂಬಳ. ನಾನು ಊರಿನಲ್ಲಿ ಅಪ್ಪನ ಅಂಗಡಿ ನೋಡಿಕೊಳ್ಳುತ್ತೇನೆ. ಅವರು ಅಂಡಮಾನ್‌ನಲ್ಲಿ ಬೀಚ್ ಎದುರಿನ ರೆಸಾರ್ಟ್ ಬುಕ್ ಮಾಡೋಣ ಅಂತಿದ್ದಾರೆ. ನನ್ನ ಕೈಲಾಗಲ್ಲ ಅಂತ ಹೇಳಲು ಮುಜುಗರ. (ಚಿಕ್ಕಮಗಳೂರು)

ಉತ್ತರ: ಈಗ ಒಂದು ಮೆಸೇಜ್‌ನಲ್ಲಿ ಮುಗಿಯುವ ಮುಜುಗರವನ್ನು ಅಲ್ಲಿಗೆ ಹೋಗಿ ವಾರಪೂರ್ತಿ ಅನುಭವಿಸಬೇಡಿ. ಬುಕಿಂಗ್‌ಗೆ ಮೊದಲೇ ಅಂಕಿ ಹೇಳಿಬಿಡಿ. 'ಸ್ವಲ್ಪ ಕಡಿಮೆ ನೋಡ್ರೋ' ಅಂದರೆ ಅವರ ಸ್ವಲ್ಪವೇ ಬೇರೆ, ನಿಮ್ಮ ಸ್ವಲ್ಪವೇ ಬೇರೆ. 'ವಿಮಾನ ಬಿಟ್ಟು ನನ್ನ ಕೈಲಾಗೋದು ಇಷ್ಟು' ಅಂತ ರೂಪಾಯಿಯಲ್ಲಿ ಹೇಳಿ.

ಆಮೇಲೆ ಖರ್ಚನ್ನು ಎರಡು ಭಾಗ ಮಾಡಿ. ರೂಮು, ಫೆರಿ, ಸ್ಕೂಟರ್, ಪೆಟ್ರೋಲ್, ಎರಡು ಹೊತ್ತಿನ ಊಟ ಎಲ್ಲರದ್ದು. ಅದು ಎಷ್ಟಿರಬೇಕು ಅನ್ನುವುದನ್ನು ಗುಂಪಿನಲ್ಲಿ ಕಡಿಮೆ ದುಡ್ಡು ಇರುವವನ ಕೈ ನೋಡಿ ನಿರ್ಧರಿಸಬೇಕು. ಸ್ಕೂಬಾ, ಪ್ಯಾರಾಸೇಲಿಂಗ್, ಮಸಾಜ್, ಬಿಯರ್ ಅವರವರದ್ದು. ಸಂಬಳ ಜಾಸ್ತಿ ಇರುವವರು ಅಲ್ಲಿ ಎಷ್ಟು ಬೇಕಾದರೂ ಖರ್ಚು ಮಾಡಲಿ. ಬಿಯರ್ ಬಿಲ್ ಮೊದಲ ದಿನದಿಂದಲೇ ಬೇರೆ ಹಾಕಿಸಿ. ಸ್ನೇಹ ಕೆಡುವ ಜಾಗ ಅದೇ. ಕುಡಿಯದವನು ಮೂರು ರಾತ್ರಿ ಸುಮ್ನೆ ಪಾಲು ಕೊಟ್ಟು, ನಾಲ್ಕನೇ ರಾತ್ರಿ ಸಣ್ಣ ಮಾತಿಗೆ ಸಿಡಿಯುತ್ತಾನೆ, ಉಳಿದವರಿಗೆ ಯಾಕೆ ಅಂತಲೇ ಗೊತ್ತಾಗಲ್ಲ.

ಮೊದಲ ದಿನ ಎಲ್ಲರಿಂದ ಸಮನಾಗಿ ದುಡ್ಡು ಸೇರಿಸಿ ಒಬ್ಬರ ಕೈಗೆ ಕೊಡಿ, ಆಟೊ, ಟೀ, ಎಳನೀರು ಎಲ್ಲ ಅದರಿಂದಲೇ ಹೋಗಲಿ. ಹ್ಯಾವ್‌ಲಾಕ್, ನೀಲ್ ಎರಡರಲ್ಲೂ ಎಟಿಎಂ ಕಡಿಮೆ, ಇದ್ದದ್ದೂ ಕೆಲವೊಮ್ಮೆ ಖಾಲಿ. ನೋಟು ಪೋರ್ಟ್ ಬ್ಲೇರ್‌ನಲ್ಲೇ ತೆಗೆದಿಟ್ಟುಕೊಳ್ಳಿ. ರೆಸಾರ್ಟ್ ಆಸೆ ಬಿಡಲಾರದವರಿಗೆ ಒಂದು ದಾರಿ ಇದೆ: ನಾಲ್ಕು ರಾತ್ರಿ ಒಳಗಿನ ರಸ್ತೆಯ ಸಾದಾ ಕಾಟೇಜ್, ಕೊನೆಯ ಒಂದು ರಾತ್ರಿ ಬೀಚ್ ಎದುರು. ದಡಕ್ಕೆ ಐದು ನಿಮಿಷ ನಡೆದರೆ ಅದೇ ಸಮುದ್ರ, ಬಾಡಿಗೆ ಮಾತ್ರ ಬೇರೆ. ಇಷ್ಟು ಹೇಳಿದ ಮೇಲೂ ಅವರು ನಕ್ಕರೆ, ಅವರು ಹೋಗಿಬರಲಿ. ನೀವು ಅಂಗಡಿಯಲ್ಲೇ ಕೂತಿರಿ.

ಪ್ರಶ್ನೆ: ಲಕ್ಷದ್ವೀಪ ಹತ್ತಿರವೇ ಇದೆಯಲ್ಲ, ಅಗ್ಗ ಆಗಲ್ವಾ? ಇಲ್ಲಾ ಮಾಲ್ಡೀವ್ಸ್? (ಸಕಲೇಶಪುರ)

ಉತ್ತರ: ಲಕ್ಷದ್ವೀಪದಲ್ಲಿ 36 ದ್ವೀಪ, ಜನ ಇರುವುದು 10ರಲ್ಲಿ. ಪ್ರವೇಶಕ್ಕೆ ಪರ್ಮಿಟ್ ಬೇಕು, ಕೊಚ್ಚಿಯಿಂದ ಹಡಗು ಅಥವಾ ಅಗತ್ತಿಗೆ ವಿಮಾನ. ಉಳಿಯುವ ಜಾಗ ಕಡಿಮೆ, ಹೆಚ್ಚಾಗಿ ಪ್ಯಾಕೇಜ್‌ನಲ್ಲೇ ಹೋಗಬೇಕು. ಚೆಂದ ಖಂಡಿತ, ಅಗ್ಗ ಅಲ್ಲ, ಬೇಕಾದ ಹಾಗೆ ದ್ವೀಪ ಬದಲಿಸುವ ಸ್ವಾತಂತ್ರ್ಯವೂ ಇಲ್ಲ. ಮಾಲ್ಡೀವ್ಸ್ ಅಂದರೆ ನೀರಿನ ಮೇಲಿನ ಕೋಣೆ ಅಂತ ಹೆದರಬೇಡಿ. ಮಾಫುಷಿಯಂಥ ಸ್ಥಳೀಯರ ದ್ವೀಪಗಳಲ್ಲಿ ಗೆಸ್ಟ್‌ಹೌಸ್‌ಗಳಿವೆ, ಮಾಲೆಯಿಂದ ಸಾರ್ವಜನಿಕ ಫೆರಿ ಇದೆ. ಶುಕ್ರವಾರ ಆ ಫೆರಿ ಓಡುವುದಿಲ್ಲ, ವಿಮಾನ ಬುಕ್ ಮಾಡುವಾಗ ನೆನಪಿರಲಿ. ಆ ದ್ವೀಪಗಳಲ್ಲಿ ಮದ್ಯ ಇಲ್ಲ, ಈಜುಡುಗೆಗೆ ಬೇರೆಯೇ ಬೀಚ್ ಗುರುತು ಮಾಡಿರುತ್ತಾರೆ.

ಪ್ರಶ್ನೆ: ನಾವು ಸ್ಟೂಡೆಂಟ್ಸ್. ತಲೆಗೆ ಎರಡು ಸಾವಿರ ಇದೆ. ನಗಬೇಡಿ. (ಹಾಸನ)

ಉತ್ತರ: ನಗುವುದೇನಿದೆ. ಹಾಸನದಿಂದ ಮಂಗಳೂರಿಗೆ ಹಗಲು ರೈಲು ಹಿಡಿಯಿರಿ, ಸಕಲೇಶಪುರದಿಂದ ಸುಬ್ರಹ್ಮಣ್ಯದ ತನಕ ಸುರಂಗ, ಸೇತುವೆ ಎಣಿಸುತ್ತಾ ಹೋಗಿ. ಮಂಗಳೂರಿನಿಂದ ಬಸ್ಸಿನಲ್ಲಿ ಉಡುಪಿ, ಮಲ್ಪೆ, ಬೋಟ್‌ನಲ್ಲಿ ಸೇಂಟ್ ಮೇರೀಸ್ ದ್ವೀಪ. ಕಂಬ ಕಂಬವಾಗಿ ನಿಂತ ಕಲ್ಲು, ಮಡಗಾಸ್ಕರ್ ನಮ್ಮ ನೆಲದಿಂದ ಬೇರೆಯಾದ ಕಾಲದ ಲಾವಾ ಅದು. ರಾತ್ರಿ ಉಳಿಯಲು ಬಿಡುವುದಿಲ್ಲ, ಬುತ್ತಿ, ನೀರು ಕಟ್ಟಿಕೊಂಡು ಹೋಗಿ, ಕಸ ವಾಪಸ್ ತನ್ನಿ. ಮಳೆಗಾಲದಲ್ಲಿ ಬೋಟ್ ಬಂದ್. ಊಟ ಉಡುಪಿ ಮಠದಲ್ಲಿ.

ಪ್ರಶ್ನೆ: ನಾನು ಶುದ್ಧ ಸಸ್ಯಾಹಾರಿ. ಅಮ್ಮ ಚಟ್ನಿಪುಡಿ, ಅವಲಕ್ಕಿ, ಕೊಬ್ಬರಿ ಎಲ್ಲ ಕಟ್ಟಿಕೊಡ್ತಾರಂತೆ. ಬೇಕಾ? (ಅರಸೀಕೆರೆ)

ಉತ್ತರ: ಚಟ್ನಿಪುಡಿ, ಅವಲಕ್ಕಿ ಬೇಕೇ ಬೇಕು. ಕೊಬ್ಬರಿ ಮಾತ್ರ ಬೇಡ. ಅರಸೀಕೆರೆಯವರಿಗೆ ಬೇಜಾರಾಗಬಹುದು, ಆದರೆ ಎಣ್ಣೆ ಜಾಸ್ತಿ, ಬೆಂಕಿ ಹತ್ತುತ್ತದೆ ಅಂತ ಒಣ ಕೊಬ್ಬರಿಯನ್ನು ವಿಮಾನದಲ್ಲಿ ಬಿಡುವುದಿಲ್ಲ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಲಿ. ಅಂಡಮಾನ್‌ನಲ್ಲಿ ತಮಿಳರು, ಬಂಗಾಳಿಗಳು ತುಂಬಾ ಜನ ಇದ್ದಾರೆ, ಇಡ್ಲಿ, ದೋಸೆ, ಅನ್ನ ಬೇಳೆಸಾರಿಗೆ ತೊಂದರೆ ಇಲ್ಲ. ಥಾಯ್ಲೆಂಡ್‌ನಲ್ಲಿ ಬರೀ ತರಕಾರಿ ಅಂದರೂ ಮೀನಿನ ಸಾಸ್ ಬೀಳುತ್ತದೆ. ಅಲ್ಲಿ 'ಜೇ' ಅಂತ ಕೇಳಿ, ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಇರುವ ಅಂಗಡಿ ಹುಡುಕಿ. ಈರುಳ್ಳಿ, ಬೆಳ್ಳುಳ್ಳಿಯೂ ಇರುವುದಿಲ್ಲ, ಅಮ್ಮನಿಗೆ ಹೇಳಿ, ಖುಷಿಪಡುತ್ತಾರೆ.

ಪ್ರಶ್ನೆ: ಅಂಡಮಾನ್‌ನಿಂದ ಶಂಖ, ಹವಳ ತರಬಹುದಾ? ದಡದಲ್ಲಿ ಸುಮ್ನೆ ಬಿದ್ದಿರ್ತಾವಂತೆ. (ಬೇಲೂರು)

ಉತ್ತರ: ಬಿದ್ದಿರುತ್ತವೆ, ಎತ್ತಬೇಡಿ. ಹವಳಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ, ಸತ್ತ ತುಂಡಾದರೂ ಅಷ್ಟೇ. ವಿಮಾನ ನಿಲ್ದಾಣದಲ್ಲಿ ಬ್ಯಾಗ್ ಸ್ಕ್ಯಾನ್ ಮಾಡುವಾಗ ಸಿಕ್ಕಿಬೀಳುತ್ತೀರಿ. ಶಂಖ, ಚಿಪ್ಪಿನ ಸಾಮಾನು ಬೇಕೇ ಬೇಕು ಅಂದರೆ ಪೋರ್ಟ್ ಬ್ಲೇರ್‌ನ ಸರ್ಕಾರಿ ಸಾಗರಿಕಾ ಮಳಿಗೆಯಲ್ಲಿ ಕೊಳ್ಳಿ, ಬಿಲ್ಲನ್ನು ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ.